ಹದಿನಾಲ್ಕನೇ ಕೋಷ್ಟಕದ ಕೊನೆಯ ಮೂರು ಸಾಲು

ಅನಂತಲಕ್ಷ್ಮಿ ಕೋಂ ಡಾಕ್ಟರ್ ವೆಂಕಟಗಿರಿ, ವಯಸ್ಸು 51 ವರ್ಷ, ಉದ್ಯೋಗ ಬಾಲಕಿಯರ ಮಾಧ್ಯಮಿಕ ಶಾಲೆಯಲ್ಲಿ ಲೆಕ್ಕದ ಉಪಾಧ್ಯಾಯಿನಿ, ವಾಸ ರಾಜಾಜಿನಗರ 3ನೇ ಬ್ಲಾಕ್, ಬೆಂಗಳೂರು. ಯಾರೂ ಕರೆಯದೆ, ಯಾರೂ ಕಳಿಸದೆ, ಇಂದು ದಿನಾಂಕ 22-6-1978ನೇ ಗುರುವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಡಾಕ್ಟರ್ ಪಂಚಾಕ್ಷರಿ ಎಂಬುವನು ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಗೈಡ್ ಆದ ನನ್ನ ಯಜಮಾನರ ಸಹಿಯನ್ನು ತಾನೇ ಹಾಕಿದ್ದಾಗಿ ಈ ತಿಂಗಳ 19ನೇ ತಾರೀಕು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದಾನೆ. ಅದು ಶುದ್ಧ ಸುಳ್ಳು. ಆ ಸಹಿ ಹಾಕಿದವಳು ನಾನು. ಅವನನ್ನು ಏಕವಚನದಲ್ಲಿ ಹೇಳುತ್ತಿರುವುದು ಅಗೌರವದಿಂದಲ್ಲ. ಆರು ವರ್ಷ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಉಂಡವನು, ನನಗೆ ಬಹುವಚನ ಬಾಯಿಗೆ ಬರುವುದಿಲ್ಲ.

ನನ್ನ ಯಜಮಾನರು ನಗರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದರು. ಪಂಚಾಕ್ಷರಿ ಹರಿಹರದವನು. ಎಂ.ಬಿ.ಬಿ.ಎಸ್. ಮುಗಿಸಿ 1972ರ ಫೆಬ್ರವರಿಯಲ್ಲಿ ಅವರ ಕೈಕೆಳಗೆ ಸೇರಿದನು. ಬೆಂಗಳೂರಿನ ಪಶ್ಚಿಮಕ್ಕಿರುವ ಎಂಟು ಹಳ್ಳಿಗಳಲ್ಲಿ ಬಾವಿಯ ನೀರು ಕುಡಿದು ಮಕ್ಕಳಿಗೆ ವಾಂತಿಭೇದಿ ಹೇಗೆ ಬರುತ್ತದೆ ಎಂಬುದು ಅವನ ವಿಷಯ. ಕುರುಬರಹಳ್ಳಿಯಿಂದ ಕೆಂಗೇರಿಯವರೆಗೆ ಸೈಕಲ್ ತುಳಿದುಕೊಂಡು ಹೋಗಿ, ಮನೆ ಮನೆಯಲ್ಲಿ ಮಕ್ಕಳನ್ನು ಪರೀಕ್ಷಿಸಿ, ಫೀಲ್ಡ್ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದನು. ಭಾನುವಾರ ಬೆಳಿಗ್ಗೆ 8 ಗಂಟೆಗೆ ಆ ಪುಸ್ತಕ ತಂದು ಯಜಮಾನರ ಮುಂದೆ ಇಡುತ್ತಿದ್ದನು. ಅವರು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಕೇಳುತ್ತಿದ್ದರು. ಎರಡನೇ ಅಧ್ಯಾಯವನ್ನು ಏಳು ಸಲ ಬರೆಸಿದರು. ಒಂದು ಸಲ ಅವನು ನಮ್ಮ ಹಿತ್ತಲಲ್ಲಿ ಕೈ ತೊಳೆಯುವ ನೆಪದಲ್ಲಿ ಅತ್ತಿದ್ದನ್ನು ನಾನು ಕಂಡಿದ್ದೇನೆ.

ಯಜಮಾನರದು ಒಂದು ಕಟ್ಟುನಿಟ್ಟು ಇತ್ತು. ಬರೆದ ಅಂಕಿಯನ್ನು ರಬ್ಬರಿನಲ್ಲಿ ಅಳಿಸಕೂಡದು. ತಪ್ಪಾದರೆ ಅದರ ಮೇಲೆ ಒಂದೇ ಗೀಟು ಎಳೆಯಬೇಕು, ತಪ್ಪೂ ಕಾಣುತ್ತಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು, ತಿದ್ದಿದವರು ಚಿಕ್ಕ ಸಹಿ ಹಾಕಿ, ತಿದ್ದಿದ ತಾರೀಕು ಬರೆಯಬೇಕು. ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೂ ಇದನ್ನೇ ಮೊದಲ ಪಾಠ ಮಾಡುತ್ತಿದ್ದರು. ಅಡುಗೆಮನೆಯಲ್ಲಿದ್ದ ನನಗೂ ಬಾಯಿಪಾಠವಾಗಿತ್ತು.

ಕಳೆದ ಡಿಸೆಂಬರ್ 11ರಂದು ಅವರಿಗೆ ಮೊದಲನೇ ಹಾರ್ಟ್ ಅಟ್ಯಾಕ್ ಆಯಿತು. ಮಂಚ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಜನವರಿ 28ರ ಶನಿವಾರ ಸಂಜೆ 5 ಗಂಟೆಗೆ ಪಂಚಾಕ್ಷರಿ ಟೈಪಾಗಿ ಬೈಂಡಾದ ನಾಲ್ಕು ಪ್ರತಿಗಳನ್ನು ತಂದನು. ವಿಶ್ವವಿದ್ಯಾಲಯ ಕೊಟ್ಟಿದ್ದ ಆರು ವರ್ಷದ ಗಡುವು ಫೆಬ್ರವರಿ 15ಕ್ಕೆ ಮುಗಿಯುತ್ತಿತ್ತು. ಗೈಡ್ ಪ್ರಮಾಣಪತ್ರಕ್ಕೆ ಸಹಿ ಹಾಕುವುದೊಂದೇ ಬಾಕಿ. ಇಟ್ಟು ಹೋಗು, ಟೈಪಾದದ್ದನ್ನು ನಿನ್ನ ಫೀಲ್ಡ್ ಪುಸ್ತಕದ ಜೊತೆ ತಾಳೆ ನೋಡಿ ಸಹಿ ಹಾಕ್ತೀನಿ ಎಂದು ಯಜಮಾನರು ಹೇಳಿದರು.

ಅವರಿಗೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಓದಲು ಆಗುತ್ತಿರಲಿಲ್ಲ. ಫೆಬ್ರವರಿ 4ರ ಶನಿವಾರ ಮಧ್ಯಾಹ್ನ, ರೀ, ಆರು ವರ್ಷದಿಂದ ಓದಿದ್ದನ್ನೇ ಎಷ್ಟು ಸಲ ಓದ್ತೀರಿ, ಆ ಹುಡುಗನ ಹೊಟ್ಟೆ ಉರಿಸಬೇಡಿ, ಸಹಿ ಹಾಕಿಬಿಡಿ ಎಂದು ನಾನು ಗದರಿದೆನು. ಇನ್ನೊಂದೇ ಕೋಷ್ಟಕ ಉಳಿದಿದೆ ಕಣೇ, ನೋಡದೆ ಹಾಕೋ ಸಹಿ ಸುಳ್ಳು ಸಾಕ್ಷಿ ಹೇಳಿದ ಹಾಗೆ ಎಂದು ಅವರು ಹೇಳಿದರು. ನಿಮ್ಮ ಸತ್ಯಕ್ಕೆ ಬೆಂಕಿ ಬಿತ್ತು ಎಂದು ನಾನು ಹೇಳಿ ಒಳಗೆ ಹೋದೆನು. ಮಾರನೆಯ ದಿನ, 5ನೇ ತಾರೀಕು ಭಾನುವಾರ ಬೆಳಿಗ್ಗೆ 7 ಗಂಟೆ 20 ನಿಮಿಷಕ್ಕೆ ಕಾಫಿ ತೆಗೆದುಕೊಂಡು ಹೋದಾಗ ಅವರು ದಿಂಬಿಗೆ ಒರಗಿಕೊಂಡಿದ್ದರು, ಪೆನ್ಸಿಲ್ ಹೊದಿಕೆಯ ಮೇಲೆ ಬಿದ್ದಿತ್ತು. ಪ್ರಾಣ ಹೋಗಿತ್ತು. 8 ಗಂಟೆಗೆ ಸರಿಯಾಗಿ ಪಂಚಾಕ್ಷರಿ ಎಂದಿನಂತೆ ಗೇಟು ತೆಗೆದುಕೊಂಡು ಬಂದನು. ಸಹಿಯ ಮಾತು ಅವನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಹೆಣ ಹೊರಲು ಹೆಗಲು ಕೊಟ್ಟನು.

11ನೇ ತಾರೀಕು ನಾನೇ ಅವನನ್ನು ಕೇಳಿದೆನು. ಗೈಡ್ ಸಹಿ ಇಲ್ಲದೆ ತೆಗೆದುಕೊಳ್ಳುವುದಿಲ್ಲ, ಬೇರೆ ಗೈಡ್ ಹುಡುಕಿ ಹೊಸದಾಗಿ ನೋಂದಾಯಿಸಬೇಕು ಎಂದು ಆಫೀಸಿನಲ್ಲಿ ಹೇಳಿದರೆಂದು ತಿಳಿಸಿದನು. ಹೋಗಲಿ ಬಿಡಿ ಅಮ್ಮ, ಸಾರೇ ಇಲ್ಲದ ಮೇಲೆ ಅದನ್ನ ಇಟ್ಕೊಂಡು ಏನು ಮಾಡಲಿ ಎಂದನು. ಆಗ ನನಗೆ ತೀರಿಹೋದ ಗಂಡನ ಮೇಲೆ ತಡೆಯಲಾರದ ಸಿಟ್ಟು ಬಂತು. ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ದೊಡ್ಡಹನುಮಯ್ಯನವರು, ಸಿಟ್ಟು ಗಿಟ್ಟು ಹೇಳಿಕೆಯಲ್ಲಿ ಬರಲ್ಲ ತಾಯಿ ಎನ್ನುತ್ತಿದ್ದಾರೆ. ಬರಬೇಕು, ಬರೆಯಿರಿ ಎಂದು ನಾನೇ ಹೇಳುತ್ತಿದ್ದೇನೆ. ಸಿಟ್ಟು ಬಾರದಿದ್ದರೆ ನಾನು ಮುಂದಿನದನ್ನು ಮಾಡುತ್ತಿರಲಿಲ್ಲ.

14ನೇ ತಾರೀಕು ಮಂಗಳವಾರ ಹತ್ತನೆಯ ದಿನದ ಕರ್ಮ. ನಮಗೆ ಮಕ್ಕಳಿಲ್ಲ, ಮೈದುನ ಪದ್ಮನಾಭ ಕರ್ಮ ಮಾಡಿದನು. ನನ್ನ ಕೈಬಳೆ ಮತ್ತು ಕುಂಕುಮ ತೆಗೆಸಿದರು. ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ಎಲ್ಲರೂ ಮನೆಗೆ ಬಂದು, ಊಟ ಮಾಡಿ, ಹಾಲಿನಲ್ಲಿ ಚಾಪೆ ಹಾಕಿ ಮಲಗಿದರು. 3 ಗಂಟೆಗೆ ನಾನು ಯಜಮಾನರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆನು.

ಪ್ರಬಂಧದ ಮೊದಲ ಪ್ರತಿ ಮಂಚದ ಪಕ್ಕದ ಸ್ಟೂಲಿನ ಮೇಲೆ, ಅವರು ಬಿಟ್ಟಲ್ಲೇ ತೆರೆದಿತ್ತು. ಪುಟ 131, ಹದಿನಾಲ್ಕನೇ ಕೋಷ್ಟಕ. ಎಂಟು ಹಳ್ಳಿ, ಎಂಟು ಸಾಲು. ಐದನೇ ಸಾಲಿನವರೆಗೆ ಅವರ ಪೆನ್ಸಿಲಿನ ಗುರುತು ಇತ್ತು. ಹೊಸಹಳ್ಳಿ, ಮಾರೇನಹಳ್ಳಿ, ಕೆಂಗೇರಿ, ಈ ಮೂರು ಸಾಲು ಉಳಿದಿದ್ದವು. ನೋಡದೆ ಹಾಕುವ ಸಹಿ ಸುಳ್ಳು ಸಾಕ್ಷಿ ಎಂದ ಮನುಷ್ಯನ ಸಹಿಯನ್ನು ನೋಡದೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಫೀಲ್ಡ್ ಪುಸ್ತಕ ಇಟ್ಟುಕೊಂಡು ಕುಳಿತೆನು. ನಾನು ಡಾಕ್ಟರಲ್ಲ, ಆದರೆ ಕೂಡುವುದು ಕಳೆಯುವುದು ನನಗೆ ಬರುತ್ತದೆ. ಹೊಸಹಳ್ಳಿ ಸರಿಯಾಗಿತ್ತು. ಮಾರೇನಹಳ್ಳಿಯ ಮುಂದೆ 64 ಎಂದು ಟೈಪಾಗಿತ್ತು. ಪುಸ್ತಕದಲ್ಲಿ ಮಕ್ಕಳ ಹೆಸರುಗಳನ್ನು ಎರಡು ಸಲ ಎಣಿಸಿದೆನು, 46. ಕೆಂಗೇರಿ ಸರಿಯಾಗಿತ್ತು. ಮಾರೇನಹಳ್ಳಿಗೆ 46 ಇಟ್ಟಾಗ ಕೆಳಗಿನ ಒಟ್ಟು ಮೊತ್ತವೂ ಕೂಡಿಬಂತು. ಅವರು ಇನ್ನೆರಡು ದಿನ ಇದ್ದಿದ್ದರೆ ಹಿಡಿಯುತ್ತಿದ್ದ ತಪ್ಪು ಅದು. ಅವರ ಹಟದಲ್ಲಿ ಅರ್ಥವಿತ್ತೆಂದು ಆಗ ಗೊತ್ತಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆನು. ಹಾಲಿನಲ್ಲಿದ್ದವರಿಗೆ ಕೇಳಿಸಬಾರದಲ್ಲ.

ಬಳಿಕ ನಾಲ್ಕು ಪ್ರತಿಗಳಲ್ಲೂ 64ರ ಮೇಲೆ ಒಂದೇ ಗೀಟು ಎಳೆದು 46 ಎಂದು ಬರೆದು, ಪಕ್ಕದಲ್ಲಿ ನನ್ನ ಚಿಕ್ಕ ಸಹಿ 'ಅ.ಲ.' ಎಂದು ಹಾಕಿ ತಾರೀಕು ಬರೆದೆನು. ತಿದ್ದಿದವಳು ನಾನಾದ್ದರಿಂದ ಅವರ ಹೆಸರು ಹಾಕುವುದು ತಪ್ಪೆನಿಸಿತು. ಪುಟ 131 ತೆಗೆದು ನೋಡಿದರೆ ಈಗಲೂ ಕಾಣುತ್ತದೆ. ಪ್ರಮಾಣಪತ್ರಕ್ಕೆ ಮಾತ್ರ ಅವರ ಹೆಸರೇ ಬೇಕಾಗಿತ್ತು. ಜನವರಿಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅವರ ಸಹಿಯನ್ನು ಹನ್ನೊಂದು ಸಲ ಬರೆದು ಕೈ ಪಳಗಿಸಿಕೊಂಡು, ನಾಲ್ಕು ಪ್ರತಿಗೂ ಹಾಕಿದೆನು. ಆ ಹಾಳೆಯನ್ನು ಈಗ ಹಾಜರುಪಡಿಸಿದ್ದೇನೆ.

ಸಹಿಯ ಕೆಳಗೆ ದಿನಾಂಕ ಎಂದಿದ್ದಲ್ಲಿ 14-2-1978 ಎಂದು ಬರೆದೆನು. ಸತ್ತ ಒಂಬತ್ತು ದಿನಕ್ಕೆ ಸಹಿ ಹೇಗೆ ಬಂತು ಎಂದು ವಿಶ್ವವಿದ್ಯಾಲಯದವರು ಹಿಡಿದದ್ದು ಅದನ್ನೇ. ಹಿಂದಿನ ತಾರೀಕು ಹಾಕುವಷ್ಟು ಬುದ್ಧಿ ಇರಲಿಲ್ಲವೇ ಎಂದು ಸಬ್ ಇನ್ಸ್‌ಪೆಕ್ಟರ್ ಹನುಮಂತಯ್ಯನವರು ಕೇಳಿದರು. ಇರಲಿಲ್ಲ ಸಾರ್. ಇಪ್ಪತ್ತೇಳು ವರ್ಷದಿಂದ ದಿನಾ ಬೆಳಿಗ್ಗೆ ಬೋರ್ಡಿನ ಮೂಲೆಯಲ್ಲಿ ಅಂದಿನ ತಾರೀಕು ಬರೆದ ಕೈ ಇದು. ಸಹಿಯನ್ನು ಅಭ್ಯಾಸ ಮಾಡಿದೆನು, ತಾರೀಕನ್ನು ಅಭ್ಯಾಸ ಮಾಡಬೇಕೆಂದು ಹೊಳೆಯಲೇ ಇಲ್ಲ.

15ನೇ ತಾರೀಕು ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಪಂಚಾಕ್ಷರಿಯನ್ನು ಕರೆಸಿ, ಸಾರ್ ಮೊದಲೇ ಸಹಿ ಹಾಕಿಟ್ಟಿದ್ದರು, ನನಗೆ ಈಗ ಸಿಕ್ಕಿತು ಎಂದು ಸುಳ್ಳು ಹೇಳಿ ಕೊಟ್ಟೆನು. ಅವನು ಪ್ರಮಾಣಪತ್ರದ ಪುಟ ತೆಗೆದು ಬಹಳ ಹೊತ್ತು ನೋಡಿದನು. ನನ್ನ ಬರಿ ಕೈಯನ್ನೂ ನೋಡಿದನು. ಕಾಲಿಗೆ ನಮಸ್ಕಾರ ಮಾಡಿ ಹೊರಟುಹೋದನು. ಅವನಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ಈ ದಿನ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಅವನ ತಾಯಿ ನೀಲಗಂಗಮ್ಮ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ರಾತ್ರಿ ಬಸ್ಸಿಗೆ ಹರಿಹರದಿಂದ ಬಂದಿದ್ದರು. ಮಗ ಕಳ್ಳ ಸಹಿ ಮಾಡಿದ್ದಾನೆಂದು ಯಾರೋ ಊರಿಗೆ ಸುದ್ದಿ ಮುಟ್ಟಿಸಿದ್ದರು. ನನ್ ಮಗ ಅಂಥೋನಲ್ರಮ್ಮ, ನೀವು ಸಾಲಿ ಕಲಿಸೋರು, ಸುಳ್ಳು ಯಾವುದು ನಿಜ ಯಾವುದು ನಿಮಗೆ ಗೊತ್ತಾಗ್ತೈತಿ, ನೀವೇ ಹೇಳ್ರಿ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವನು ತಪ್ಪೊಪ್ಪಿಗೆ ಬರೆದುಕೊಟ್ಟದ್ದೂ, ನಿನ್ನೆಯಿಂದ ಠಾಣೆಯಲ್ಲಿರುವುದೂ ನನಗೆ ಗೊತ್ತಾದದ್ದು ಅವರಿಂದಲೇ. ಅವರನ್ನು ಕೂರಿಸಿ, ಕಾಫಿ ಕೊಟ್ಟು, ಶಾಲೆಗೆ ರಜಾ ಚೀಟಿ ಕಳಿಸಿ, ಮುಕ್ಕಾಲು ಕಿಲೋಮೀಟರ್ ನಡೆದು ಬಂದೆನು.

ಠಾಣೆಯ ಒಳಗೆ ಬೆಂಚಿನ ಮೇಲೆ ಪಂಚಾಕ್ಷರಿ ಕುಳಿತಿದ್ದನು. ನನ್ನನ್ನು ಕಂಡು ಎದ್ದು, ಅಮ್ಮ, ನೀವ್ಯಾಕೆ ಬಂದ್ರಿ, ಎಲ್ಲಾ ನಾನೇ ಮಾಡಿದ್ದು ಅಂತ ಬರೆದುಕೊಟ್ಟಾಗಿದೆ, ಮನೆಗೆ ಹೋಗಿ ಎಂದನು. ಬಾಯಿ ಮುಚ್ಚು, ಆರು ವರ್ಷ ಅವರ ಹತ್ತಿರ ಇದನ್ನೇನೋ ಕಲಿತದ್ದು ಎಂದು ನಾನು ಬೈದೆನು. ಅವನು ಅತ್ತನು. ನಾನೂ ಅತ್ತೆನು.

ಅವನ ಪ್ರಬಂಧದ ಗತಿ ಏನು ಎಂದು ಕೇಳಿದ್ದಕ್ಕೆ, ಅದು ವಿಶ್ವವಿದ್ಯಾಲಯದವರಿಗೆ ಬಿಟ್ಟದ್ದು, ನಮ್ಮ ಕೈಯಲ್ಲಿಲ್ಲ ಎಂದು ಸಬ್ ಇನ್ಸ್‌ಪೆಕ್ಟರ್ ಹೇಳಿದರು. ನನಗೆ ಏನು ಶಿಕ್ಷೆಯಾದರೂ ಆಗಲಿ. ಆದರೆ ಅದರೊಳಗಿನ ಪ್ರತಿ ಅಂಕಿಯನ್ನೂ ಗುರು ನೋಡಿದ್ದಾರೆ, ಕೊನೆಯ ಮೂರು ಸಾಲನ್ನು ಗುರುವಿನ ಹೆಂಡತಿ ನೋಡಿದ್ದಾಳೆ ಎಂಬುದನ್ನು ವಿಶ್ವವಿದ್ಯಾಲಯದವರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಮೇಲಿನದೆಲ್ಲವನ್ನೂ ದೊಡ್ಡಹನುಮಯ್ಯನವರು ಓದಿ ಹೇಳಿದರು, ಕೇಳಿದೆನು, ನಾನು ಹೇಳಿದಂತೆಯೇ ಇದೆ. ಒಂದು ತಪ್ಪು ಉಳಿದಿದೆ, ಅದು ಬರೆದವರದಲ್ಲ, ಹೇಳಿದ ನನ್ನದು. ಮೊದಲನೇ ಸಾಲಿನಲ್ಲಿ ನನ್ನ ಗಂಡನ ಹೆಸರಿನ ಹಿಂದೆ 'ದಿವಂಗತ' ಎಂದು ಹೇಳಲು ಮರೆತಿದ್ದೆನು. ಅಲ್ಲಿ ಏನನ್ನೂ ಅಳಿಸಿಲ್ಲ. ಆ ಮಾತನ್ನು ಪಕ್ಕದಲ್ಲಿ ನಾನೇ ಬರೆದು, ಚಿಕ್ಕ ಸಹಿ ಹಾಕಿ, ತಾರೀಕು ಹಾಕಿದ್ದೇನೆ.

ಈ ಕೆಳಗಿನ ಸಹಿ ನನ್ನದೇ. ತಾರೀಕು ಇವತ್ತಿನದೇ.

ಸ್ಥಳ: ರಾಜಾಜಿನಗರ, ಬೆಂಗಳೂರು
ದಿನಾಂಕ: 22-6-1978

(ಸಹಿ) ಅನಂತಲಕ್ಷ್ಮಿ