ಎರಡು ಸಲ ತಟ್ಟಿದರೆ ಬಿಗಿ

ಇದು ಆದದ್ದು ನಮ್ಮ ದೊಡ್ಡಪ್ಪನ ಮಗನಿಗೆ. ದೋಣಿ ಬಡಗಿ. ಸುಳ್ಳು ಹೇಳೋಕೆ ಬೇಕಾಗುವಷ್ಟು ಮಾತೇ ಅವನ ಹತ್ತಿರ ಇಲ್ಲ.

ಆವತ್ತು ಕತ್ತಲಾಗಿ ಬಹಳ ಹೊತ್ತಾಗಿತ್ತು. ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ಹೊರಟಿದ್ದ. ತಲೆ ತುಂಬ ಮರದ ಪುಡಿ. ದಾರಿಯಲ್ಲಿ ಒಂದು ಹಾಳು ಬಾವಿ. ಅದನ್ನು ದಾಟಿದ... ಹಿಂದಿನಿಂದ ಸದ್ದು.

ಟಕ್. ಟಕ್.

ಬಾವಿಯಿಂದಲ್ಲ. ಶೆಡ್ಡಿನಿಂದ. ಮರಕ್ಕೆ ಕಬ್ಬಿಣ ತಟ್ಟಿದ ಸದ್ದು. ಅವನು ತಿರುಗಿ ನಿಂತ. ಆ ಸದ್ದು ಅವನಿಗೆ ಗೊತ್ತು.

ಶೆಡ್ಡಿನಲ್ಲಿದ್ದದ್ದು ಅವನದೇ ಪುಟ್ಟ ಹಾಯಿದೋಣಿ. ದೋಣಿಯ ಮೇಲ್ಹಲಗೆಗೆ ಕಂಬ, ಕೊಕ್ಕೆ ಕೂರಿಸುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಒಬ್ಬ ಮೇಲೆ ಕೂತು ಬೋಲ್ಟಿನ ತಲೆ ತಿರುಗದ ಹಾಗೆ ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗೆ ಅಂಗಾತ ಮಲಗಿ, ಒಳಚಾವಣಿ ಹಲಗೆ ಬಿಚ್ಚಿ, ಸ್ಪ್ಯಾನರಿನಲ್ಲಿ ನಟ್ ಬಿಗಿಯಬೇಕು. ಕೆಳಗೆ ಏನಾಗುತ್ತಿದೆ ಅಂತ ಮೇಲಿನವನಿಗೆ ಕಾಣುವುದಿಲ್ಲ. ಬಿಗಿಯಾದರೆ ಕೆಳಗಿನವರು ಎರಡು ಸಲ ತಟ್ಟುತ್ತಾರೆ. ನಂಬಬೇಕು. ಅಷ್ಟೇ.

ಕೆಳಗೆ ಮಲಗುತ್ತಿದ್ದವಳು ಅವನ ಹೆಂಡತಿ. ಟಕ್ ಟಕ್. ಕೆಲಸವೆಲ್ಲ ಮುಗಿದ ಮೇಲೆ, ಸ್ವಲ್ಪ ತಡೆದು, ಇನ್ನೊಂದು... ಟಕ್. ಊಟಕ್ಕೆ ಏಳು ಅಂತ ಅರ್ಥ.

ಒಂದೇ ಒಂದು ದಿನ ಅವಳಿಗೆ ಜ್ವರ. ಅವನ ಬೆನ್ನಿಗೆ ಬಿದ್ದ ತಮ್ಮ ಕೆಳಗೆ ಮಲಗಿದ. ದೋಣಿಯ ಅಂಚಿನಲ್ಲಿ ಕೈಯಾಸರೆಯ ಕಂಬ ಕೂರಿಸಿದರು. ನಾಲ್ಕು ಬೋಲ್ಟ್. ನಾಲ್ಕು ಸಲವೂ ಟಕ್ ಟಕ್ ಬಂತು.

ಹದಿನೈದು ದಿನ ಕಳೆದು, ನೀರಿನ ನಡುವೆ ಗಾಳಿ ಎದ್ದಾಗ, ಅವಳು ಆ ಕಂಬ ಹಿಡಿದಳು. ಕಂಬ ಕಿತ್ತು ಬಂತು. ಕಂಬವೂ ಹೋಯಿತು. ಅವಳೂ ಹೋದಳು.

ತಮ್ಮ ಎಲ್ಲರಿಗಿಂತ ಜೋರಾಗಿ ಅತ್ತ. ಆಮೇಲೆ ಹೇಳಿದ, "ಅಲೆ ಹೊಡೆತಕ್ಕೆ ಮರ ಸೀಳಿರಬೇಕು. ಅಂಥ ಗಾಳೀಲಿ ನೀನು ಹೊರಡಬಾರದಿತ್ತಣ್ಣ." ಇವನು ಒಪ್ಪಿಕೊಂಡ. ಒಂದು ವರ್ಷ ಆ ಮಾತು ಹೊತ್ತುಕೊಂಡು ತಿರುಗಿದ. ಹೆಂಡತಿ ಇಲ್ಲದ ಮನೆಯಲ್ಲಿ ಅಂಥ ಮಾತು ಎಷ್ಟು ಭಾರ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆವತ್ತಿನಿಂದ ಇವನು ನೀರಿಗೆ ಇಳಿದಿರಲಿಲ್ಲ. ಮಗಳ ಹಟಕ್ಕೆ ಈಗ ದೋಣಿ ಹೊಸದು ಮಾಡುತ್ತಿದ್ದ. ಒಳಗಿನ ಹಳೇ ವಾರ್ನಿಷ್ ಕೆರೆದು ಹೊಸದು ಬಳಿಯುವುದು ನಡೆದಿತ್ತು. ಭಾನುವಾರ ಮಗಳನ್ನು ನೀರಿಗೆ ಕರೆದುಕೊಂಡು ಹೋಗುವವನು ಅವಳ ಚಿಕ್ಕಪ್ಪ, ಅದೇ ತಮ್ಮ.

"ಒಳಚಾವಣಿ ಹಲಗೆ ಬಿಚ್ಚೋಕೆ ಹೋಗಬೇಡಣ್ಣ," ಅಂದಿದ್ದ ತಮ್ಮ. "ಹಾಗೇ ಉಜ್ಜಿ ಬಳಿ, ಸಾಕು. ಇದೇನು ಮದುವೆ ಮನೆಯಾ?"

ಸರಿ. ಆ ರಾತ್ರಿ ಸದ್ದು ಕೇಳಿ ಬಡಗಿ ವಾಪಸ್ ಬಂದು ಬೀಗ ತೆಗೆದ. ಟಾರ್ಚ್ ಹಾಕಿದ. ಯಾರೂ ಇಲ್ಲ. ವಾರ್ನಿಷ್ ವಾಸನೆ ಮಾತ್ರ.

ಟಕ್. ಟಕ್.

ದೋಣಿಯ ಒಳಗೆ. ಆ ಕಂಬ ಇದ್ದ ಜಾಗದ ಕೆಳಗೇ.

"ನೀನೇನಾ?" ಪಿಸುಗುಟ್ಟಿದ.

ಸದ್ದು ನಿಂತಿತು...

ಒಳಗೆ ಇಳಿದು ಆ ಹಲಗೆ ಬಿಚ್ಚಿದ. ಏಳು ಸ್ಕ್ರೂ. ಹಲಗೆ ಕೈಗೆ ಬಂತು. ಅದರ ಜೊತೆ ಒಂದು ಪ್ಲಾಸ್ಟಿಕ್ ಪೊಟ್ಟಣ ಎದೆ ಮೇಲೆ ಬಿತ್ತು. ನಾಲ್ಕು ನಟ್, ನಾಲ್ಕು ವಾಷರ್. ಪೊಟ್ಟಣದ ಬಾಯಿಗೆ ಅಂಗಡಿಯವನು ಹೊಡೆದ ಪಿನ್ ಹಾಗೇ ಇತ್ತು.

ಟಾರ್ಚ್ ಮೇಲಕ್ಕೆ ಹಿಡಿದ. ನಾಲ್ಕು ತೂತು. ಮರ ಎಲ್ಲೂ ಸೀಳಿರಲಿಲ್ಲ. ವಾಷರ್ ಒತ್ತಿದ ಗುರುತೂ ಇರಲಿಲ್ಲ. ಆ ಕಂಬ ನಿಂತಿದ್ದದ್ದು ನೀರು ಸೋರದಿರಲಿ ಅಂತ ಬುಡಕ್ಕೆ ಬಳಿದ ಬರೀ ಅಂಟಿನಲ್ಲಿ.

ಬೆಳಗ್ಗೆ ತಮ್ಮ ಶಿಳ್ಳೆ ಹಾಕಿಕೊಂಡು ಬಂದ. ಇವನು ಪೊಟ್ಟಣ ಅವನ ಅಂಗೈಗೆ ಇಟ್ಟ. ಶಿಳ್ಳೆ ನಿಂತಿತು.

"ಏಳು ಸ್ಕ್ರೂ ಬಿಚ್ಚಬೇಕಿತ್ತಣ್ಣ... ಬೇಜಾರಾಯ್ತು. ನಾಳೆ ಹಾಕೋಣ ಅಂತ ಸಂದೀಲಿ ತುರುಕಿದೆ."

"ಹದಿನೈದು ನಾಳೆ ಬಂದು ಹೋದವಲ್ಲೋ."

ತಮ್ಮ ಪೊಟ್ಟಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ವರ್ಷಪೂರ್ತಿ ನನ್ನ ಎದುರು ಕೂತು ಉಂಡೆ. ಒಂದು ತುತ್ತೂ ಗಂಟಲಲ್ಲಿ ಸಿಕ್ಕಲಿಲ್ವಾ?"

"ಅಣ್ಣಾ..."

"ಒಳಗೆ ಹೋಗು. ಆವತ್ತಿನ ಕೆಲಸ ಇವತ್ತು ಮುಗಿಸು."

ಇವನು ಮೇಲೆ ಹತ್ತಿ ಹೊಸ ಕಂಬ ಇಟ್ಟ. ಬೋಲ್ಟ್ ಇಳಿಸಿದ. ತಲೆ ಒತ್ತಿ ಹಿಡಿದ. ಕೆಳಗೆ ಸ್ಪ್ಯಾನರ್ ತಿರುಗಿತು. ಕಿರ್‍ರ್... ಕಿರ್‍ರ್... ಟಕ್ ಟಕ್. ಎರಡನೆಯದು. ಮೂರನೆಯದು. ನಾಲ್ಕನೆಯದು. ಟಕ್ ಟಕ್.

ಸ್ವಲ್ಪ ತಡೆದು...

ಟಕ್.

ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ತಿರುಗಿ ನೋಡಿದರೆ ತಮ್ಮ ಶೆಡ್ಡಿನ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಸುಣ್ಣ. ಮುಷ್ಟಿಯಲ್ಲಿ ಪೊಟ್ಟಣ.

"ಒಳಗೆ ಹೋಗೋಕಾಗಲಿಲ್ಲಣ್ಣ," ಅಂದ. "ಅಲ್ಲಿ... ಆಗಲೇ ಯಾರೋ ಮಲಗಿದ್ರು."

ಭಾನುವಾರ ಮಗಳನ್ನು ಅಪ್ಪನೇ ಕರೆದುಕೊಂಡು ಹೋದ. ಅವಳು ಆ ಕಂಬ ಹಿಡಿದೇ ನಿಂತಿದ್ದಳು. ತಮ್ಮನ ಜೊತೆ ಇವತ್ತಿಗೂ ಮಾತಿಲ್ಲ.

ನಂಬದಿದ್ದರೆ ಬಿಡಿ. ನಾನು ಆ ದೋಣಿಯೊಳಗೆ ಮಲಗಿ ಕೈಯಾರೆ ಮುಟ್ಟಿ ನೋಡಿದ್ದೇನೆ. ನಾಲ್ಕು ನಟ್, ನಾಲ್ಕು ವಾಷರ್. ಎಲ್ಲಾ ಬಿಗಿ. ಪೊಟ್ಟಣ ಬಡಗಿಯ ಮನೆಯ ಗೂಡಿನಲ್ಲಿದೆ. ಅದರೊಳಗೂ ನಾಲ್ಕು ನಟ್ ಇವೆ.

ಪಿನ್ ಯಾರೂ ತೆಗೆದಿಲ್ಲ.