ಅತ್ತೆಯ ಚುಕ್ಕಿ

ದೇವನಹಳ್ಳಿ ಹತ್ತಿರದ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಹೊಸಕೋಟೆ ಬಸ್ಸಿಗೆ ಕಾಯುತ್ತಾ ಕೂತಿದ್ದ ಅನಸೂಯಮ್ಮನ ಬೆನ್ನ ಹಿಂದೆಯೇ ಗುರುತಿಲ್ಲದ ಇಬ್ಬರು ಗೆಳೆಯರು ಮಾತಿಗೆ ನಿಂತರು.

“ಏನ್ ಗುರು ಬೀರೇಶ, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡ್ಸೋನು ನೀನೇ ಬಸ್ಸಿಗೆ ಕಾಯ್ತಿದೀಯಾ?”

“ಕಾರು ಮನೇಲಿದೆ ಕಣೋ ವಸಂತ. ಇಂಜಿನ್ ಆಯಿಲ್ ಸೋರ್ತಿದೆ.”

“ಇಂಜಿನ್ ಒರೆಸಿ, ತೊಳೆದ ನೆಲದ ಮೇಲೆ ನಿಲ್ಸು, ತೊಟ್ಟು ಎಲ್ಲಿ ಬೀಳುತ್ತೆ ನೋಡು ಅಂದಿದ್ನಲ್ಲೋ?”

“ಹಂಗೇ ಮಾಡ್ದೆ. ಮೊನ್ನೆ ಬೆಳಿಗ್ಗೆ ಕಾರು ಹಿಂದಕ್ಕೆ ತಳ್ಳಿ ನೋಡಿದ್ರೆ ಬಾಗ್ಲ ಮುಂದೆ ಸಾಲಾಗಿ ಕಪ್ಪು ಚುಕ್ಕಿ. ನಾನು ಟಾರ್ಚ್ ತರೋದ್ರೊಳಗೆ ನಮ್ಮತ್ತೆ ರಂಗೋಲಿ ಪುಡಿ ತಂದು ಎಲ್ಲಾ ಚುಕ್ಕೀನೂ ಸೇರಿಸ್ಬಿಟ್ಟಿದ್ರು.”

“ಅಯ್ಯೋ!”

“‘ನಂಗೆ ಮಂಡಿನೋವು ಅಂತ ನೀವೇ ಚುಕ್ಕಿ ಇಟ್ಟಿದೀರಲ್ಲ ಅಳಿಯಂದ್ರೇ’ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಇಲ್ಲ ಅಂತ ಹೆಂಗಪ್ಪಾ ಹೇಳೋದು?”

ಹೊಸಕೋಟೆ ಬಸ್ಸು ಬಂತು. ಕಥೆ ಕೇಳುತ್ತಿದ್ದ ಅನಸೂಯಮ್ಮ ಏಳಲಿಲ್ಲ.

“ಸೋರೋದು ಎಲ್ಲಿಂದ ಅಂತ ಗೊತ್ತಾಯ್ತಾ?”

“ಆಯಿಲ್ ಚೇಂಬರ್ ನಟ್ಟಿನ ವಾಷರ್ ಹೋಗಿತ್ತು. ಹೊಸದು ಹಾಕಿ ಬಿಗಿ ಮಾಡ್ದೆ. ಒಂದು ತೊಟ್ಟೂ ಬೀಳ್ಲಿಲ್ಲ.”

“ಸರಿಹೋಯ್ತಲ್ಲ ಮತ್ತೆ!”

“ಎಲ್ಲಿ ಸರಿಹೋಯ್ತು? ಮಾರನೇ ದಿನ ಅತ್ತೆ ಪುಡಿ ಹಿಡ್ಕೊಂಡು ಬಂದ್ರೆ ನೆಲದಲ್ಲಿ ಚುಕ್ಕೀನೇ ಇಲ್ಲ. ‘ಒಂದೇ ದಿನಕ್ಕೆ ಬೇಜಾರಾದ್ನಾ ನಾನು’ ಅಂತ ಬ್ಯಾಗ್ ಎತ್ಕೊಂಡು ತಮ್ಮೂರು ಕುಂದಾಣಕ್ಕೆ ಹೊರಟೋದ್ರು. ಕರ್ಕೊಂಡು ಬರೋವರ್ಗೂ ಮನೇಗೆ ಕಾಲಿಡ್ಬೇಡ ಅಂದವ್ಳೆ ಹೆಂಡ್ತಿ.”

“ಅಲ್ಲಲೇ, ರಿಪೇರಿ ಆಗಿದ್ಮೇಲೆ ಈಗ್ಯಾಕೆ ಸೋರ್ತಿದೆ ಅಂದೆ?”

ಕುಂದಾಣದ ದಾರಿಯ ದೇವನಹಳ್ಳಿ ಬಸ್ಸು ಬಂದು ನಿಂತಿತು. ಬೀರೇಶ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ತಿರುಗಿದ.

“ನಾಳೆ ಬೆಳಿಗ್ಗೆ ಅತ್ತೆ ಎದುರಿಗೆ ಚುಕ್ಕಿ ಇರ್ಬೇಕಲ್ಲ. ನಟ್ಟು ಸಡ್ಲ ಮಾಡಿ ಬಂದಿದೀನಿ.”