ತಿದ್ದದೆ ಬಿಟ್ಟ ಮುಯ್ಯಿ

ಕಾಡಂಚಿನ ಒಂದು ಊರು. ಆ ಊರಿಗೆ ಒಬ್ಬ ಪಟೇಲ. ಎಂಟು ಎಕರೆ ರಾಗಿ ಹೊಲ, ಅದರಾಚೆ ಹೊಗೆಸೊಪ್ಪಿನ ತೋಟ, ಕೊಟ್ಟಿಗೆಯಲ್ಲಿ ಆರು ಜೊತೆ ಎತ್ತು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ನಾವೆಲ್ಲ ಅವನನ್ನು ಕೆಟ್ಟವನೆಂದು ತೀರ್ಮಾನಿಸಿ ಆರಾಮವಾಗಿ ಗೋಡೆಗೆ ಒರಗಿ ಕೂತುಬಿಡುತ್ತೇವೆ. ಒರಗಬೇಡಿ. ಇವನು ನ್ಯಾಯವಾದ ಮನುಷ್ಯ. ಪಡೆದದ್ದನ್ನು ಹಿಂದಿರುಗಿಸುವವನು. ಅವನ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಅಲ್ಲಿ ನಿಮ್ಮ ನಿಮ್ಮ ಹೆಸರು ಹಾಕಿಕೊಳ್ಳಲು ಜಾಗ ಬಿಟ್ಟಿದ್ದೇನೆ.

ಇದು ದೃಷ್ಟಾಂತ. ಊರನ್ನು ನಕಾಶೆಯಲ್ಲಿ ಹುಡುಕಬೇಡಿ. ಕಾಲ ಮಾತ್ರ ನಿಜವಾದ ಕಾಲ. ಸಾವಿರದ ಒಂಬೈನೂರ ಅರವತ್ತರ ದಶಕ. ಟಿಬೆಟ್ಟಿನಿಂದ ಹಿಮದ ಕಣಿವೆಗಳನ್ನು ದಾಟಿ ಬಂದ ಜನಕ್ಕೆ ನಮ್ಮ ಮೈಸೂರು ರಾಜ್ಯ ಕಾಡಂಚಿನಲ್ಲಿ ನೆಲ ಕೊಟ್ಟ ಕಾಲ. ಯೋಚಿಸಿ ನೋಡಿ. ಚಳಿಗೆಂದು ಹೊಲಿದ ದಪ್ಪ ಅಂಗಿ ಮೈಮೇಲಿದೆ, ತಲೆಯ ಮೇಲೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು. ಗಿಡ ಬೇರೆ, ನೀರು ಬೇರೆ, ಮಾತು ಬೇರೆ. ಎತ್ತರದ ಸಸಿಯೊಂದನ್ನು ಕಿತ್ತು ತಂದು ಬಯಲಲ್ಲಿ ನೆಟ್ಟರೆ ಮೊದಲು ಏನಾಗುತ್ತದೆ? ಹಳೆಯ ಎಲೆ ಉದುರುತ್ತದೆ. ಸತ್ತಿತು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಸತ್ತಿರುವುದಿಲ್ಲ, ಬೇರು ಹುಡುಕುತ್ತಿರುತ್ತದೆ.

ಆ ಊರಿನ ಪಕ್ಕಕ್ಕೆ ಹಾಗೆ ಇಪ್ಪತ್ತು ಕುಟುಂಬ ಬಂದವು. ಅವರಿಗೊಬ್ಬ ಮುಂದಾಳು, ಹೆಸರು ಚೋಫೆಲ್. ಈ ಹೆಸರನ್ನು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಮೂರು ವರ್ಷದಲ್ಲಿ ಮೂರು ಕಡೆ ಡೇರೆ ಹಾಕಿ, ಮೂರು ಕಡೆಯೂ ಕಿತ್ತು ಬಂದವರು ಅವರು. ಈ ಮಣ್ಣಿನಲ್ಲಿ ಮೊದಲ ಬೆಳೆ ಕೈಗೆ ಬಾರದಿದ್ದರೆ ಮತ್ತೆ ಗಂಟು ಕಟ್ಟಬೇಕಾದೀತೆಂಬ ಭಯ ಅವರ ಎದೆಯೊಳಗಿತ್ತು. ಚೋಫೆಲ್‌ನ ತಾಯಿ ತಟ್ಟೆ ಲೋಟಗಳನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. "ಬೆಳೆ ಬರಲಿ, ಆಮೇಲೆ ತೆಗೀತೀನಿ" ಎಂದು ಕೂತಿದ್ದಳು.

ಜೂನ್ ಬಂತು. ಮಳೆ ಬಿತ್ತು. ನೆಲ ಹದಕ್ಕೆ ಬಂತು. ಜೋಳದ ಬೀಜವಿದೆ, ನೇಗಿಲಿದೆ, ಸರ್ಕಾರದವರು ನಾಲ್ಕು ಜೊತೆ ಎತ್ತನ್ನೂ ಕೊಡಿಸಿದ್ದಾರೆ. ಆದರೆ ಎತ್ತು ಕದಲುತ್ತಿಲ್ಲ! ಯಾಕೆ ಹೇಳಿ? ಅವು ನಮ್ಮ ಕಡೆಯ ಎತ್ತು. ಅವುಗಳಿಗೆ ಗೊತ್ತಿರುವುದು ನಮ್ಮ ರೈತರ ಕೂಗು. ಇವರೋ ತಮ್ಮ ಮಾತಿನಲ್ಲಿ ಬೇಡುತ್ತಾರೆ, ಬೆನ್ನು ಸವರುತ್ತಾರೆ, ಹಾಡುತ್ತಾರೆ. ಎತ್ತು ನಿಂತಲ್ಲೇ ಮೆಲುಕು ಹಾಕುತ್ತವೆ. ದಿನಗಳು ಹೋಗುತ್ತಿವೆ. ಹದ ಆರುತ್ತಿದೆ.

ಕಾಡು ಕಡಿಯುವಾಗ ನಮ್ಮ ಆಳುಗಳ ಜೊತೆ ದುಡಿದು ಚೋಫೆಲ್ ಮುರುಕು ಕನ್ನಡ ಕಲಿತಿದ್ದ. ಅವನು ಪಟೇಲನ ಜಗಲಿಯ ಮುಂದೆ ಬಂದು ನಿಂತ.

"ಅಯ್ಯ, ಹತ್ತು ಆಳು ಕೊಡಿ. ನಾಲ್ಕು ದಿನ. ಉಳೋದು ತೋರ್ಸಿ. ನಮ್ದು ಬೀಜ ಒಣಗ್ತದೆ."

ಪಟೇಲ ಎಲೆಗೆ ಸುಣ್ಣ ಸವರುತ್ತ ಹೇಳಿದ, "ನಮ್ಮೂರಲ್ಲಿ ಆಳು ಕೂಲಿಗೆ ಸಿಗಾಕಿಲ್ಲ ಕಣಯ್ಯ. ಇಲ್ಲಿ ಎಲ್ಲಾ ಮುಯ್ಯಿ. ಇವತ್ತು ನಾನು ನಿನ್ನ ಹೊಲಕ್ಕೆ ಬತ್ತೀನಿ, ನಾಳೆ ನೀನು ನನ್ನ ಹೊಲಕ್ಕೆ ಬರ್ಬೇಕು. ಬಿತ್ನೆ ಮುಯ್ಯಿನ ಕುಯ್ಲಲ್ಲಿ ತೀರಿಸ್ಬೇಕು. ನೀವು ಕುಯ್ಲವರ್ಗೂ ಇಲ್ಲಿರ್ತೀರಾ? ನಾಳೆ ಎದ್ದು ಓಯ್ತೀರಿ. ತೀರ್ಸೋರು ಯಾರು?"

ಪಕ್ಕದಲ್ಲಿ ಕೂತಿದ್ದವನೊಬ್ಬ ನಕ್ಕ. "ಬುದ್ಧಿ, ಎತ್ತಿಗೆ ಅವ್ರ ಭಾಸೆ ಕಲ್ಸೋ ಬದ್ಲು ಅವ್ರೇ ನೊಗ ಹೊತ್ಕಳ್ಲಿ ಬುಡಿ!"

ಚೋಫೆಲ್‌ಗೆ ಮಾತು ಪೂರ್ತಿ ತಿಳಿಯಲಿಲ್ಲ. ನಗು ಮಾತ್ರ ತಿಳಿಯಿತು. ನಗುವಿಗೆ ಅನುವಾದ ಬೇಕಿಲ್ಲ, ಅಲ್ಲವೆ? ಕೈಮುಗಿದು ಹೊರಟ.

ಈಗ ಪಟೇಲ ಹೇಳಿದ್ದರಲ್ಲಿ ತಪ್ಪೇನಿತ್ತು? ಸಾವಧಾನವಾಗಿ ನೋಡಿ. ಮುಯ್ಯಿ ಎಂದರೆ ಅದೇ. ಕೊಟ್ಟವನಿಗೆ ಕೊಡುವುದು. ನನ್ನ ಹೊಲಕ್ಕೆ ನೀನು ಬಂದರೆ ನಿನ್ನ ಹೊಲಕ್ಕೆ ನಾನು. ನಮ್ಮ ಹಿರಿಯರು ನೂರಾರು ವರ್ಷ ಹೀಗೆಯೇ ಬಿತ್ತಿದರು, ಹೀಗೆಯೇ ಕುಯ್ದರು. ಚೊಕ್ಕವಾದ ಪದ್ಧತಿ. ಅದರಲ್ಲಿ ಒಂದೇ ಒಂದು ಸಣ್ಣ ಕೊರತೆ. ಹೊಸದಾಗಿ ಬಂದವನು ಒಳಗೆ ಬರಲು ಅದರಲ್ಲಿ ಬಾಗಿಲೇ ಇಲ್ಲ! ಅವನು ಮೊದಲು ಯಾರಿಗೂ ಕೊಟ್ಟಿಲ್ಲ, ಆದ್ದರಿಂದ ಯಾರೂ ಅವನಿಗೆ ಕೊಡುವುದಿಲ್ಲ. ಯಾರೂ ಕೊಡದೆ ಅವನು ಬೆಳೆಯುವುದಿಲ್ಲ, ಬೆಳೆಯದೆ ಅವನು ನಿಲ್ಲುವುದಿಲ್ಲ. ಆಗ ನಾವು ಹೇಳುತ್ತೇವೆ, "ನೋಡಿದಿರಾ, ಇವರು ನಿಲ್ಲುವ ಜನವಲ್ಲ."

ಯಾರಾದರೂ ಒಬ್ಬರು ಮೊದಲು ಕೊಡಬೇಕು. ಆ ಊರಿನಲ್ಲಿ ಆ ಒಬ್ಬರು ದೊಡ್ಡತಾಯಮ್ಮ ಎಂಬ ಮುದುಕಿ. ಗಂಡನಿಲ್ಲ. ಎರಡು ಎಕರೆ ಹೊಲ, ಮೂರೂರಿಗೆ ಕೇಳುವ ಗಂಟಲು. ಮರುದಿನ ಬೆಳಗ್ಗೆ ಸೆರಗು ಸೊಂಟಕ್ಕೆ ಬಿಗಿದು ಡೇರೆಗಳ ಹತ್ತಿರ ಹೋದಳು.

"ಯಾರ್ಲಾ ಇಲ್ಲಿ ಯಜಮಾನ? ಏನ್ ನಿನ್ನೆಸ್ರು?"

"ಚೋಫೆಲ್."

"ಏನು?"

"ಚೋಫೆಲ್."

"ನನ್ನ ಬಾಯಲ್ಲಿ ಹಲ್ಲಿಲ್ಲ ಕಣಪ್ಪ, ಇದು ತಿರುಗಾಕಿಲ್ಲ. ಇನ್ನೊಂದ್ಸಲ ಹೇಳು." ಅವಳು ಸರಿಯಾಗಿ ಬರುವವರೆಗೆ ಐದು ಸಲ ಹೇಳಿಸಿದಳು. ಆಮೇಲೆ ಎತ್ತಿನ ಕಡೆ ತಿರುಗಿ ಅಂದಳು, "ನಾನೇ ಇವ್ರ ಮಾತು ಕಲೀತೀನಿ, ನಿಮ್ಗೇನ್ ಕೊಬ್ಬು?"

ನಾಲ್ಕು ದಿನ. ನೊಗ ಕಟ್ಟುವುದು ಹೇಗೆ, ನೇಗಿಲ ಹಿಡಿಯಾದ ಮೇಣಿಯ ಮೇಲೆ ಕೈಭಾರ ಎಷ್ಟು, 'ಹೋ' ಎಂದರೆ ನಿಲ್ಲುತ್ತವೆ, ನಾಲಿಗೆ ಲೊಚಗುಟ್ಟಿಸಿದರೆ ನಡೆಯುತ್ತವೆ. ಇಪ್ಪತ್ತು ಮನೆಯ ಗಂಡಸರು, ಹೆಂಗಸರು, ಕೊನೆಗೆ ಮಕ್ಕಳೂ 'ಹೋ' ಎಂದು ಕೂಗುವುದು ಕಲಿತರು. ನಾಲ್ಕನೆಯ ದಿನ ಸಂಜೆಗೆ ಬಿತ್ತನೆ ಮುಗಿಯಿತು. ಚೋಫೆಲ್ ತಮ್ಮ ಜನರಲ್ಲಿ ಗೌರವದ ಗುರುತಾದ ಬಿಳಿಯ ರೇಷ್ಮೆ ವಸ್ತ್ರವೊಂದನ್ನು ಅವಳ ಕೊರಳಿಗೆ ಹಾಕಿ, ಏನು ಕೊಡಬೇಕು ಎಂದು ಕೇಳಿದ.

"ಏನೂ ಬ್ಯಾಡ. ಇದು ಮುಯ್ಯಿ. ಕುಯ್ಲಿಗೆ ಬಂದು ತೀರಿಸ್ಬುಡು" ಎಂದಳು. ಅಷ್ಟೇ ಹೇಳಿದ್ದು. ಈ ಮಾತನ್ನು ಗಮನದಲ್ಲಿಡಿ.

ಜೋಳ ಎದ್ದಿತು. ಆಳೆತ್ತರ ಬೆಳೆಯಿತು. ದಸರೆ ಕಳೆಯುವ ಹೊತ್ತಿಗೆ ತೆನೆ ಮುರಿದರು. ಚೋಫೆಲ್‌ನ ತಾಯಿ ಪೆಟ್ಟಿಗೆಯಿಂದ ಒಂದು ಲೋಟ ತೆಗೆದಳು. ಒಂದೇ ಒಂದು! ಮಾರ್ಗಶಿರದಲ್ಲಿ ಅವರು ಬಂದು ದೊಡ್ಡತಾಯಮ್ಮನ ಎರಡು ಎಕರೆ ರಾಗಿಯನ್ನು ಒಂದೇ ದಿನದಲ್ಲಿ ಕುಯ್ದು, ಒಣಗಿದ ಮೇಲೆ ಮತ್ತೆ ಬಂದು ಮೆದೆ ಒಟ್ಟಿದರು. ಒಟ್ಟುವಾಗ ಒಬ್ಬ ತೆನೆಯನ್ನು ಹೊರಮುಖ ಮಾಡಿ ಇಟ್ಟ. ಅಜ್ಜಿ ಬೈದಳು, "ತೆನೆ ಒಳಕ್ಕೆ, ಬುಡ ಆಚಿಕ್ಕೆ! ಅನ್ನಾನ ಮಳೆಗೆ ತೋರಿಸ್ತಾರೇನ್ಲಾ?" ಕಲಿತರು. ಮುಯ್ಯಿ ತೀರಿತು.

ತೀರಿತೆಂದು ನೀವು ಅಂದುಕೊಂಡಿರಿ. ಊರೂ ಹಾಗೆಯೇ ಅಂದುಕೊಂಡಿತು.

ನಾಲ್ಕೈದು ದಿನ ಕಳೆಯಿತು. ಪಟೇಲನ ಎಂಟು ಎಕರೆ ರಾಗಿ ಕುಯ್ಲಾಗಿ ಹೊಲದಲ್ಲೇ ಒಣಗಲು ಬಿದ್ದಿತ್ತು. ಮಧ್ಯಾಹ್ನದ ಹೊತ್ತು. ಪೂರ್ವದ ಕಡೆಯಿಂದ ಮೋಡ ಎದ್ದಿತು. ನಮಗೆಲ್ಲ ಗೊತ್ತು, ಆ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ನಮ್ಮ ಕಣ ನೆನೆಯುತ್ತದೆ. ಕುಯ್ದ ರಾಗಿ ನೆಲದ ಮೇಲೆ ನೆನೆದರೆ ಏನಾಗುತ್ತದೆ? ಬೀಜಕ್ಕೆ ಇದು ಊಟ, ಇದು ಬಿತ್ತನೆ ಎಂಬ ಭೇದ ಗೊತ್ತಿಲ್ಲ. ನೀರು ಸಿಕ್ಕರೆ ಮೊಳೆಯುತ್ತದೆ. ಮೂರು ದಿನ ಜಡಿಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ. ವರ್ಷದ ಅನ್ನ ಹೋಯಿತು.

ಪಟೇಲ ಊರಿಗೆ ಆಳು ಕಳಿಸಿದ, "ಮುಯ್ಯಾಳು ಬನ್ನಿ!" ಯಾರು ಬರುತ್ತಾರೆ? ಎಲ್ಲರ ರಾಗಿಯೂ ಹೊಲದಲ್ಲೇ ಇತ್ತು. ಎಲ್ಲರ ತಲೆಯ ಮೇಲೂ ಅದೇ ಮೋಡವಿತ್ತು. ಪಟೇಲನಿಗೆ ಮುಯ್ಯಿ ತೀರಿಸಬೇಕಾದ ಮೂವತ್ತು ಜನ ಇದ್ದರು. ಮೂವತ್ತು ಜನರೂ ತಮ್ಮ ತಮ್ಮ ಹೊಲದಲ್ಲಿ ಬಗ್ಗಿದ್ದರು. ಅವರದ್ದೂ ತಪ್ಪಲ್ಲ. ಎಂಟು ಎಕರೆಯ ನಡುವೆ ಪಟೇಲ, ಅವನ ಹೆಂಡತಿ, ಇಬ್ಬರು ಮನೆಯಾಳು.

ಆಗ ಕಾಡಿನ ಕಡೆಯ ದಾರಿಯಲ್ಲಿ ಸಾಲುಸಾಲಾಗಿ ಜನ ಇಳಿದು ಬಂದರು. ಗಂಡಸರು, ಹೆಂಗಸರು, ಸುಮಾರು ನಲವತ್ತು ಮಂದಿ. ಹೆಗಲ ಮೇಲೆ ಹಗ್ಗ, ಕಂಬಳಿ. ಅವರ ಜೋಳ ಎಂದೋ ಮನೆ ಸೇರಿತ್ತು, ಕೈ ಬಿಡುವಾಗಿತ್ತು. ಪಟೇಲ ಕೈಯಲ್ಲಿದ್ದ ಹೊರೆ ಬಿಟ್ಟು ನೆಟ್ಟಗೆ ನಿಂತ. ನಗಲು ಬಂದರೋ, ಹೊತ್ತೊಯ್ಯಲು ಬಂದರೋ?

"ಯಾಕ್ ಬಂದ್ರಿ?" ಎಂದು ಕೂಗಿದ.

ಚೋಫೆಲ್ ಹೇಳಿದ, "ಮುಯ್ಯಿ."

"ಯಾರ ಮುಯ್ಯಿ? ನಾನು ನಿಮ್ಗೆ ಒಂದಾಳೂ ಕೊಟ್ಟಿಲ್ಲ ಕಣಯ್ಯ!"

ಚೋಫೆಲ್ ಒಂದು ಗಳಿಗೆ ಅವನ ಮುಖ ನೋಡಿದ, ಒಂದು ಗಳಿಗೆ ಮೋಡ ನೋಡಿದ. "ಆಮೇಲೆ ಮಾತು" ಎಂದು ಬಗ್ಗಿ ಮೊದಲ ಹೊರೆ ಕಟ್ಟಿದ.

ನಲವತ್ತು ಜನ. ಕಟ್ಟುವವರು ಕಟ್ಟಿದರು, ಹೊರುವವರು ಹೊತ್ತರು. ದೊಡ್ಡತಾಯಮ್ಮ ಓಡಿಬಂದು ಮೆದೆಯ ಪಕ್ಕ ನಿಂತಳು. ಬೈಯಲು ಬಾಯಿ ತೆರೆದಳು. ಬೈಯುವಂಥದ್ದು ಏನೂ ಇರಲಿಲ್ಲ. ಎಲ್ಲ ತೆನೆಯೂ ಒಳಕ್ಕೆ, ಎಲ್ಲ ಬುಡವೂ ಆಚೆಗೆ. ಮೆದೆಯ ನೆತ್ತಿಗೆ ಹುಲ್ಲು ಹೊದಿಸಿ, ಕೊನೆಯ ಹಗ್ಗ ಬಿಗಿಯುವಾಗ ಮೊದಲ ಹನಿ ಬಿತ್ತು. ಎಂಟು ಎಕರೆಯಲ್ಲಿ ಒಂದು ಕಂತೆಯೂ ನೆನೆಯಲಿಲ್ಲ.

ಮಳೆ ಸುರಿಯಿತು. ಎಲ್ಲರೂ ಪಟೇಲನ ಕೊಟ್ಟಿಗೆಯ ಸೂರಿನಡಿ ಸೇರಿದರು. ಪಟೇಲನ ಹೆಂಡತಿ ಬಿಸಿ ಮುದ್ದೆ, ಹುರುಳಿ ಸಾರು ತಂದಿಟ್ಟಳು. ಪಟೇಲ ಮಾತ್ರ ಕೂರಲಿಲ್ಲ.

"ದೊಡ್ಡವ್ವ, ಇವ್ರಿಗೆ ಏನಂತ ಹೇಳ್ಕೊಟ್ಟೆ? ಮುಯ್ಯಿ ಅಂದ್ರೆ ಕೊಟ್ಟೋರಿಗೆ ಕೊಡೋದು. ನನಗ್ಯಾಕೆ ಮಾಡುದ್ರು?"

"ನಾನ್ ಸರಿಯಾಗೇ ಹೇಳ್ದೆ ಕಣಪ್ಪ. ಏನಯ್ಯ ಚೋಫೆಲ್, ಏನ್ ತಿಳ್ಕೊಂಡೆ ನೀನು?"

ಚೋಫೆಲ್ ಗಲಿಬಿಲಿಗೊಂಡ. ಏನೋ ತಪ್ಪು ಮಾಡಿದೆನೆಂದು ಎದ್ದು ನಿಂತ. ಮುರುಕು ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳಿದ. "ನಮ್ದು ಕಣಿವೆಯಲ್ಲಿ, ದಾರಿಯಲ್ಲಿ ಬಂದವರಿಗೆ ಒಂದು ಮನೆ ಚಹಾ ಕೊಟ್ರೆ, ಊರೇ ಚಹಾ ಕೊಡ್ತು ಅಂತ ಲೆಕ್ಕ. ಅಜ್ಜಿ ಬಂತು, ಉಳೋದು ಕಲ್ಸ್ತು. ಅಂದ್ರೆ ನಿಮ್ದು ಊರು ಬಂತು. ನಾವು ಊರಿಗೆ ಮುಯ್ಯಿ ಕೊಡ್ಬೇಕು. ನಿಮ್ದು ಹೊಲ ದೊಡ್ಡದು, ಆಳು ಇಲ್ಲ, ಅದಕ್ಕೆ ಇಲ್ಲಿ ಬಂದ್ವಿ. ಅಲ್ವಾ? ನೀವು ಎಲ್ಲಾ ಒಂದೇ ಊರು ಅಲ್ವಾ?"

ಪಟೇಲನ ಹೆಂಡತಿ ಸಾರಿನ ಸೌಟು ಹಿಡಿದು ಹಾಗೆಯೇ ನಿಂತಳು.

ದೊಡ್ಡತಾಯಮ್ಮ ಪಟೇಲನ ಕಡೆ ನೋಡಿ ಮೆಲ್ಲಗೆ ಕೇಳಿದಳು, "ತಪ್ಪು ತಿಳ್ಕೊಂಡವ್ನೆ ಕಣಪ್ಪ. ತಿದ್ದಿ ಹೇಳ್ಲಾ?"

ಪಟೇಲ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಅದು ಮಳೆಯ ನೀರೇ ಇರಬಹುದು.

"ಬ್ಯಾಡ ದೊಡ್ಡವ್ವ. ತಿದ್ಬ್ಯಾಡ."

ಮುಂದಿನ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ, ಚೋಫೆಲ್ ಡೇರೆಯ ಹೊರಗೆ ಬಂದು ನೋಡುತ್ತಾನೆ. ಹೊಲದ ಬದುವಿನ ಮೇಲೆ ಊರಿನ ಹನ್ನೊಂದು ಜೊತೆ ಎತ್ತು, ನೊಗ ಕಟ್ಟಿಕೊಂಡು ನಿಂತಿವೆ. ಎಲ್ಲಕ್ಕಿಂತ ಮುಂದೆ ಪಟೇಲ. "ಏನ್ ಚೋಫೆಲ್, ಇನ್ನೂ ಎದ್ದಿಲ್ವಾ? ಹದ ಆರೋಯ್ತದೆ!" ಆ ಹೆಸರನ್ನು ಅವನು ಮೊದಲ ಸಲ ಹೇಳಿದ್ದು. ಸರಿಯಾಗಿ ಹೇಳಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ. ಆ ದಿನ ಚೋಫೆಲ್‌ನ ತಾಯಿ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿದಳು. ಉತ್ತು ಬಂದವರಿಗೆಲ್ಲ ಚಹಾ ಕೊಡಲು ಅಷ್ಟು ಲೋಟ ಬೇಕಾಗಿತ್ತು.

ಕಥೆ ಇಷ್ಟು. ಈಗ ನಮ್ಮ ಕಡೆ ತಿರುಗೋಣ.

ಕಳೆದ ನೂರು ವರ್ಷದಲ್ಲಿ ನಮ್ಮ ನಾಡಿಗೆ ಹೀಗೆ ಬಂದವರು ಟಿಬೆಟ್ಟಿನವರು ಮಾತ್ರವಲ್ಲ. ದೇಶ ಒಡೆದು, ಮನೆ ಬಿಟ್ಟು ಬಂದ ಬಂಗಾಳಿಗಳು ಸಿಂಧನೂರಿನ ಬಯಲಿನಲ್ಲಿ ಭತ್ತ ನೆಟ್ಟರು. ಶ್ರೀಲಂಕೆಯ ತೋಟಗಳಿಂದ ಬಂದ ತಮಿಳರು ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲು ತೆಗೆದರು. ಅವರನ್ನು ಎಲ್ಲ ಕಡೆಯೂ ಆರತಿ ಎತ್ತಿ ಬರಮಾಡಿಕೊಂಡರೆಂದು ನಾನು ಸುಳ್ಳು ಹೇಳುವುದಿಲ್ಲ. ನಕ್ಕವರಿದ್ದರು. ಬಾಗಿಲು ಹಾಕಿದವರಿದ್ದರು. ಆದರೂ ಅವರು ಬೇರು ಬಿಟ್ಟರು. ಅದು ಅವರ ದೊಡ್ಡತನ, ಅದಕ್ಕೆ ಮೊದಲು ಕೈಮುಗಿಯೋಣ. ಹಾಗೆ ಬೇರು ಬಿಟ್ಟ ಕಡೆಯಲ್ಲೆಲ್ಲ ಒಬ್ಬಳಾದರೂ ದೊಡ್ಡತಾಯಮ್ಮ ಇದ್ದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಅವಳಿಗೂ ಕೈಮುಗಿಯೋಣ.

ಮುಗಿದಾಯಿತೆ? ಈಗ ಕೈ ಇಳಿಸಿ, ನಮ್ಮ ಬೀದಿ ನೋಡಿ. ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ ಒಡಿಶಾದವರು ಎಂಟು ಜನ ಇದ್ದಾರೆ. ನಿಮ್ಮ ಹೊಸ ಮನೆಗೆ ಟೈಲ್ಸ್ ಹಾಕಿದವನು ಬಿಹಾರದವನು. ಬ್ಯಾಂಕಿನ ಮುಂದೆ ಕೂರುವವನು ನೇಪಾಳದವನು. ಇವರಲ್ಲಿ ಒಬ್ಬನ ಹೆಸರಾದರೂ ನಿಮಗೆ ಗೊತ್ತೆ? 'ಏ ಬಿಹಾರಿ', 'ಏ ಬಹಾದ್ದೂರ್'. ಇವು ಹೆಸರೇನ್ರೀ? ನಾವು ಅವರನ್ನು ಕೇಳುವ ಮೊದಲ ಪ್ರಶ್ನೆ ಯಾವುದು? 'ಊರಿಗೆ ಯಾವಾಗ ವಾಪಸ್?' ಪಟೇಲನ ಪ್ರಶ್ನೆಯೇ! ಅರವತ್ತು ವರ್ಷದಲ್ಲಿ ಒಂದು ಅಕ್ಷರ ಬದಲಾಗಿಲ್ಲ ನೋಡಿ.

ಚೋಫೆಲ್ ಮಾಡಿದ ತಪ್ಪನ್ನು ಹೊಸದಾಗಿ ಬಂದ ಪ್ರತಿಯೊಬ್ಬನೂ ಮಾಡುತ್ತಾನೆ. ತನಗೆ ಸಿಕ್ಕ ಒಬ್ಬರನ್ನು ನೋಡಿ ಇಡೀ ಊರನ್ನು ಅಳೆಯುತ್ತಾನೆ. ಒಬ್ಬ ಅಜ್ಜಿಯನ್ನು ನೋಡಿ ಊರೇ ಒಳ್ಳೆಯದೆಂದ. ಅವಳ ಬದಲು ಜಗಲಿಯಲ್ಲಿ ನಕ್ಕವನನ್ನೇ ಅಳತೆಗೆ ಹಿಡಿದಿದ್ದರೆ? ಎಂಟು ಎಕರೆ ರಾಗಿ ಹೊಲದಲ್ಲೇ ಮೊಳೆಯುತ್ತಿತ್ತು.

ಆದ್ದರಿಂದ ದೊಡ್ಡ ದಾನ ಮಾಡಿ ಎಂದು ನಾನು ಹೇಳುವುದಿಲ್ಲ. ನಾಳೆ ಬೆಳಗ್ಗೆ ಅವರಲ್ಲಿ ಒಬ್ಬನ ಹೆಸರು ಕೇಳಿ. ಸರಿಯಾಗಿ ಬರುವವರೆಗೆ ಐದು ಸಲ ಹೇಳಿಸಿಕೊಳ್ಳಿ. ನಮ್ಮ ಎತ್ತುಗಳ ಕೂಗು ಅವನಿಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಎಲ್ಲಿ ಕೊಡುತ್ತಾರೆ, ಮಗುವನ್ನು ಶಾಲೆಗೆ ಸೇರಿಸಲು ಯಾರನ್ನು ಕಾಣಬೇಕು, ಒಮ್ಮೆ ಜೊತೆಗೆ ಹೋಗಿ ತೋರಿಸಿ. ಅವನು ತೀರಿಸುತ್ತಾನೋ ಇಲ್ಲವೋ ಎಂದು ಕಾಯಬೇಡಿ. ಮನೆಯಲ್ಲಿ ಹಬ್ಬದ ಅಡುಗೆ ಮಾಡಿದ ದಿನ ಅವನನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕೊಡಬೇಡಿ, ಪಂಕ್ತಿಯಲ್ಲಿ ಕೂರಿಸಿ.

ನಾಳೆ ಬೆಳಗಿನ ಮೊದಲ ಬಸ್ಸಿನಿಂದ ಒಬ್ಬ ಇಳಿಯುತ್ತಾನೆ. ಕೈಯಲ್ಲಿ ಒಂದು ಚೀಲ, ತಿಳಿಯದ ಮಾತು. ಹಾಲು ತರಲು ಹೊರಟ ನಿಮ್ಮನ್ನು ನಿಲ್ಲಿಸಿ ದಾರಿ ಕೇಳುತ್ತಾನೆ. ಆ ಗಳಿಗೆಯಲ್ಲಿ ಅವನ ಎದುರು ನಿಂತಿರುವುದು ಇಡೀ ಊರು. ಅವನು ಹಾಗೆಂದು ನಂಬಿದ್ದಾನೆ. ತಿದ್ದಬೇಡಿ.